ವಾರ ತಪ್ಪದ ಜ್ವರ

"ನೂರಾ ಒಂದು," ಎಂದು ಅಪ್ಪ ಫೋನಿನಲ್ಲಿ ಪಿಸುಗುಟ್ಟಿದ. "ನೀನು ಗಾಬರಿ ಆಗ್ಬೇಡ. ನಾನಿದೀನಲ್ಲ."

ಗಾಬರಿ ಆಗಬೇಡ ಎಂದರೆ ಯಾವ ತಾಯಿ ತಾನೇ ಸುಮ್ಮನಿರುತ್ತಾಳೆ? ಅಮ್ಮ ಕಾರ್ಖಾನೆಯ ಬಸ್ಸಿನಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಇದು ಸತತ ಐದನೇ ಸೋಮವಾರ. ಹಿಂದಿನ ಸಂಜೆ ಮಂಚದಿಂದ ಮಂಚಕ್ಕೆ ಹಾರಿದ ಹುಡುಗಿಗೆ ಬೆಳಗಾಗುವಷ್ಟರಲ್ಲಿ ಜ್ವರ. ತಾನು ಮನೆ ಸೇರುವ ಹೊತ್ತಿಗೆ ಅದು ಹೇಳಹೆಸರಿಲ್ಲದಂತೆ ಇಳಿದಿರುತ್ತಿತ್ತು.

ಹುಡುಗಿಗೆ ಎಂಟು ವರ್ಷ. ಮನೆಯಲ್ಲಿ ಬಟಾಣಿ ಅಂತಲೇ ಹೆಸರು.

ಸೋಮವಾರದ್ದು ಸಾಲದೆಂಬಂತೆ ಮೂರು ವಾರದಿಂದ ಗುರುವಾರವೂ ಶುರುವಾಗಿತ್ತು. ಬಟಾಣಿಯನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಡುವುದು ಗಂಡ ಹೆಂಡಿರಲ್ಲಿ ಸರದಿಯ ಕೆಲಸ. ಸೋಮವಾರ ಅಪ್ಪನದು, ಗುರುವಾರ ಅಮ್ಮನದು. ಆ ದಿನ ಇನ್ನೊಬ್ಬರು ಆರೂವರೆಗೇ ಮನೆ ಬಿಟ್ಟು ಬೆಳಗಿನ ಪಾಳಿಗೆ ಹೋಗುತ್ತಿದ್ದರು. ಮಗುವಿಗೆ ಹುಷಾರಿಲ್ಲದಿದ್ದರೆ ಯಾರ ಸರದಿಯೋ ಅವರೇ ರಜೆ ಹಾಕಬೇಕು. ಮದುವೆಯಾದ ಮೇಲೆ ಜಗಳವಿಲ್ಲದೆ ತೀರ್ಮಾನವಾದ ವಿಷಯ ಇದೊಂದೇ.

ಆ ಗುರುವಾರ ಸಂಜೆ ಇಬ್ಬರೂ ಬಟಾಣಿಯನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ರಕ್ತದ ವರದಿಯನ್ನು ಹಿಂದೆ ಮುಂದೆ ತಿರುಗಿಸಿದರು. ಎಲ್ಲ ಸರಿಯಾಗಿತ್ತು. ಗಂಡ ಹೆಂಡತಿ ತಮ್ಮತಮ್ಮ ಸರದಿಯಲ್ಲಿ ಜ್ವರ ಬರೆದಿಟ್ಟ ಕ್ಯಾಲೆಂಡರನ್ನೂ ಹರಡಿಕೊಂಡು ನೋಡಿದರು. ವಾರ ನೋಡಿಕೊಂಡು ಬರುವ ಜ್ವರವನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಬಟಾಣಿ ಹೊರಗೆ ತೂಕದ ಯಂತ್ರದ ಮೇಲೆ ಕುಣಿಯುತ್ತಿದ್ದಾಗ ದನಿ ತಗ್ಗಿಸಿದರು. ಶನಿವಾರ ಬಂದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುತ್ತೇನೆ. ಅಲ್ಲಿ ಸೇರಿಸಿಕೊಂಡು ಬೆನ್ನಿಗೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ ಎಂದರು.

ಅಮ್ಮ ಬಾಗಿಲಾಚೆ ಮಗಳತ್ತ ತಿರುಗಿ ನೋಡಿದಳು. ಅಪ್ಪನ ಮುಖ ಬಿಳಚಿಕೊಂಡಿತು.

ಬಿಳಚಿಕೊಳ್ಳದೆ ಏನು ಮಾಡುತ್ತದೆ? ಸೋಮವಾರದ ಜ್ವರ ಬರೆದವನು ಅವನೇ, ಬರಿಸಿದವನೂ ಅವನೇ.

ಅವನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವವನು. ಭಾನುವಾರ ನಲ್ಲಿಯಲ್ಲಿ ನೀರು ಬರದವರೆಲ್ಲ ಸೋಮವಾರ ಖಾಲಿ ಬಕೆಟ್ಟು ಹಿಡಿದು ಅವನ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ನೀರು ಬಿಡುವುದು ಅವನ ಕೈಲಿಲ್ಲ, ಬೈಗುಳ ತಿನ್ನುವುದು ಮಾತ್ರ ಅವನ ಪಾಲು. ತಲೆನೋವು ಎಂದರೆ ಸಾಹೇಬರು ರಜೆ ಕೊಡುತ್ತಿರಲಿಲ್ಲ, ಮಗಳಿಗೆ ಜ್ವರ ಎಂದರೆ ಕರಗುತ್ತಿದ್ದರು. ಈ ಉಪಾಯ ಮೊದಲು ಹೇಗೆ ಹೊಳೆಯಿತೋ ಈಗ ಅವನಿಗೇ ನೆನಪಿಲ್ಲ. ಸೋಮವಾರ ಪೂರ್ತಿ ಅಪ್ಪ ಮಗಳು ಕಂಬಳಿ ಹೊದ್ದು ಚದುರಂಗ ಆಡುತ್ತಿದ್ದರು. ಅಮ್ಮನಿಗೆ ಹೇಳಬಾರದು ಅಂತ ಬಟಾಣಿಯಿಂದ ಆಣೆ ಹಾಕಿಸಿಕೊಂಡಿದ್ದ.

ಆದರೆ ಗುರುವಾರ? ಅದು ಅವನ ಕೈವಾಡವಲ್ಲ. ಅದು ನಿಜವಾದ ಜ್ವರ. ಸುಳ್ಳು ಹೇಳಿ ಹೇಳಿ ನಿಜವಾದ ಕಾಯಿಲೆಯನ್ನೇ ಮನೆಗೆ ಕರೆತಂದೆನಲ್ಲ ಎಂದು ತನ್ನನ್ನೇ ಶಪಿಸಿಕೊಂಡ. ಶುಕ್ರವಾರ ಕಿಟಕಿಯ ಮುಂದೆ ಯಾರು ಏನು ಬೈದರೋ ಒಂದೂ ಕಿವಿಗೆ ಬೀಳಲಿಲ್ಲ. ಹೇಳದಿದ್ದರೆ ಡಾಕ್ಟರು ಸೋಮವಾರದ ಇಲ್ಲದ ಜ್ವರವನ್ನೂ ಲೆಕ್ಕಕ್ಕೆ ಹಿಡಿದು ಮಗುವಿನ ಬೆನ್ನು ಚುಚ್ಚಿಸುತ್ತಾರೆ. ಹೇಳಿದರೆ ಹೆಂಡತಿಗೆ ಗೊತ್ತಾಗುತ್ತದೆ. ಬಕೆಟ್ಟಿನವರಿಗಿಂತ ಅವನಿಗೆ ಹೆಂಡತಿಯ ಹೆದರಿಕೆ ಹೆಚ್ಚು.

ಶನಿವಾರ ಬಟಾಣಿಯನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಡಾಕ್ಟರು ಚೀಟಿ ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

"ಡಾಕ್ಟ್ರೇ, ಸೋಮವಾರದ್ದು ಬಿಟ್ಬಿಡಿ," ಎಂದ ಅಪ್ಪ. "ಅದು ಜ್ವರ ಅಲ್ಲ, ನಾನೇ ಕಟ್ಟಿದ ಕಥೆ. ಗುರುವಾರದ್ದು ಮಾತ್ರ ನಿಜ. ನನ್ನ ಮಗೂನ ಹೇಗಾದ್ರೂ ಉಳಿಸಿಕೊಡಿ."

ಉಸಿರು ಬಿಡದೆ ಎಲ್ಲ ಒಪ್ಪಿಸಿದ. ಆಮೇಲೆ ತನ್ನ ಕುರ್ಚಿಯನ್ನು ಹೆಂಡತಿಯಿಂದ ಒಂದು ಗೇಣು ಆಚೆ ಸರಿಸಿಕೊಂಡ.

ಅಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ನಾನು ಸೋಮವಾರದ್ದೇ ನಿಜ ಅಂದ್ಕೊಂಡಿದ್ದೆ ಕಣ್ರೀ. ಗುರುವಾರದ್ದು ನಂದು."

ಅವಳ ಬಟ್ಟೆ ಕಾರ್ಖಾನೆಯಲ್ಲಿ ಗುರುವಾರ ತಪಾಸಣೆಯ ದಿನ. ಮೇಸ್ತ್ರಿ ಟೇಪು ಹಿಡಿದು ಬಂದು, ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಎಲ್ಲರೆದುರು ಬಿಚ್ಚಿ ಮೇಜಿನ ಮೇಲೆ ಎಸೆಯುತ್ತಿದ್ದ. ಒಂದು ವಾರವಾದರೂ ಅವನ ಮುಖ ನೋಡದೆ ಇರೋಣ ಅನ್ನಿಸಿತ್ತು. ಒಂದು ವಾರ ಹೋಗಿ ಮೂರಾಯಿತು. ಅವಳೂ ಆಣೆ ಹಾಕಿಸಿಕೊಂಡಿದ್ದಳು.

ಡಾಕ್ಟರು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಬೈಯಬೇಕೆಂದು ಹೊರಟವರಿಗೆ ನಗು ಬಂದುಬಿಟ್ಟಿತು. ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಮಗುವಿಗೆ ಏನೂ ಆಗಿಲ್ಲ, ಏನೂ ಆಗಿರಲೇ ಇಲ್ಲ. ಇಬ್ಬರೂ ಅಳುತ್ತಾ ನಗುತ್ತಾ ಚಪ್ಪಲಿ ಹುಡುಕಲು ಬಾಗಿಲಾಚೆ ಹೋದರು.

ಬಟಾಣಿ ಸ್ಟೂಲಿನ ಮೇಲೆ ಕಾಲು ಆಡಿಸುತ್ತಾ ಕೂತೇ ಇದ್ದಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹೊರಗಿನ ಬೆಂಚುಗಳ ಮೇಲೆ ಕಾದಿದ್ದ ಮೂವತ್ತು ಜನರನ್ನು ನೋಡಿದರು. ರಜೆ ಅನ್ನುವುದನ್ನು ಕಂಡು ಎರಡು ವರ್ಷವಾಯಿತು ಎಂದು ತಮಗೆ ತಾವೇ ಗೊಣಗಿಕೊಂಡರು.

ಬಟಾಣಿ ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿದಳು.

"ಜ್ವರ ಬರಿಸ್ಕೊಳ್ಲಾ ಅಂತ ಅಪ್ಪನ್ನ, ಅಮ್ಮನ್ನ ಮೊದಲು ಕೇಳಿದ್ದೂ ನಾನೇ ಅಂಕಲ್. ಶುಕ್ರವಾರ ಖಾಲಿ ಇದೆ, ನಿಮಗೆ ಬೇಕಾ?"