ತೊಳೆಮಳೆಯ ಅಂಗಿ

ಬಳ್ಳಾರಿಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ತೊಳೆಮಳೆ. ವಿಮಾನ ಬಂದು ಮೋಡಕ್ಕೆ ಉಪ್ಪು ಎರಚಿ ಹೋದರೆ ಸಾಕು, ವಾರವಿಡೀ ಮೇಲೇರಿದ ಹೊಗೆಯೆಲ್ಲ ಕಪ್ಪು ನೀರಾಗಿ ಇಳಿಯುತ್ತದೆ. ಸೈರನ್ ಕೂಗಿದೊಡನೆ ಜನ ಒಣಹಾಕಿದ ಬಟ್ಟೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಸಾವಾದ ಮನೆಯವರು ಮಾತ್ರ ಸತ್ತವರದೊಂದು ಬಟ್ಟೆಯನ್ನು ಹೊರಗೇ ಬಿಡುತ್ತಾರೆ. ಚಿತೆಯ ಹೊಗೆಯೂ ಅದೇ ಮೋಡದಲ್ಲಿರುತ್ತದಲ್ಲ, ಹೋದವರು ತಮ್ಮ ಬಟ್ಟೆಯ ಮೇಲೇ ಇಳಿಯಲಿ ಎಂದು. ಹೊತ್ತು ಮುಳುಗುವುದರೊಳಗೆ ಅದನ್ನು ಒಗೆದುಬಿಟ್ಟರೆ ಅವರನ್ನು ಕಳಿಸಿಕೊಟ್ಟಂತೆ.

ಹುಲಿಗೆಮ್ಮ ಆ ವಾರ ತೀರಿಕೊಂಡ ತನ್ನ ಗಂಡ ತಿಪ್ಪಣ್ಣನ ಬಿಳಿ ಅಂಗಿಗೆ ಗುಂಡಿ ಹಾಕಿ, ತೋಳುಗಳನ್ನು ನೆಟ್ಟಗೆ ಇಳಿಬಿಟ್ಟು, ಮಾಳಿಗೆಯ ತಂತಿಗೆ ತೂಗುಹಾಕಿದ್ದಳು. ಸಂಜೆ ಮಳೆ ನಿಂತ ಮೇಲೆ ಸೊಸೆ ರೇಣವ್ವನ ಜೊತೆ ಹತ್ತಿ ನೋಡಿದರೆ ಅಂಗಿ ಕಾಡಿಗೆಯಂತೆ ಕಪ್ಪಾಗಿತ್ತು. ಬಲತೋಳು ಮಾತ್ರ ಮೊಣಕೈತನಕ ಮಡಚಿಕೊಂಡಿತ್ತು, ಎರಡೇ ಮಡಿಕೆ.

"ಗಾಳಿಗೆ ಮಡಚಿಕೊಂಡೈತಿ ಬಿಡ್ರಿ ಅತ್ತಿ," ಎಂದಳು ರೇಣವ್ವ. ಅವಳ ದನಿ ಸಣ್ಣಗಾಗಿತ್ತು.

ಹುಲಿಗೆಮ್ಮ ಮಡಿಕೆ ಬಿಡಿಸಿದಳು. ಒಳಗಿನ ಬಟ್ಟೆ ಬೆಳ್ಳಗಿತ್ತು, ಒಣಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಲಗೂನ ಒಗದು ಬಿಡ್ರಿ, ಹೊತ್ತು ಮುಳುಗಾಕ ಹತ್ತೈತಿ," ಎಂದು ಸೊಸೆ ಬಕೆಟ್ ಮುಂದೆ ಸರಿಸಿದಳು.

ಹುಲಿಗೆಮ್ಮ ತೋಳನ್ನು ಮೊದಲಿದ್ದಂತೆಯೇ ಮತ್ತೆ ಮಡಚಿದಳು. ನಲವತ್ತು ವರ್ಷ ಉಣ್ಣಲು ಗಂಗಾಳದ ಮುಂದೆ ಕೂತಾಗಲೆಲ್ಲ ತಿಪ್ಪಣ್ಣ ಹೀಗೇ ಮಡಚುತ್ತಿದ್ದ.

"ಬಕೆಟ್ ಕೆಳಗ ಒಯ್ಯಿ," ಎಂದಳು ಅವಳು, ಬಕೆಟ್ಟಿನ ಕಡೆ ನೋಡದೆ. "ಹೋಗಿ ರೊಟ್ಟಿ ತಟ್ಟು. ಉಣ್ಣಾಕ ಕುಂತಾರ ಅವರು."