ಮೂವತ್ತೊಂದು ಸೆಕೆಂಡು

“ಟೈಮು ಅಂದ್ರೆ ಚಿನ್ನ ಕಣ್ರಮ್ಮಾ, ಚಿನ್ನ! ಕೆಳಗೆ ಚೆಲ್ಬೇಡಿ!”

ಸೊಸೆ ಮೂಗಿನಲ್ಲಿ ರಾಗ ಎಳೆದದ್ದೇ ತಡ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಹೆಂಗಸರ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಸ್ಟಾಪ್‌ವಾಚ್ ಹಿಡಿದು ಹೊಲಿಗೆ ಅಳೆಯಲು ಬರುವ ಟಿಕ್‌ಟಿಕಪ್ಪನ ದನಿ ಅದು. ಅವನನ್ನು ಕಟ್ಟಿಕೊಂಡ ಹೆಂಡತಿಯೂ ಗಂಡನೇ ಬಂದನೆಂದು ಬಾಗಿಲು ತೆರೆಯಬೇಕು, ಹಾಗಿತ್ತು ಅನುಕರಣೆ.

“ಸುಮ್ನಿರೇ, ಬಂದ್‌ಬಿಟ್ಟಾನು,” ಎಂದಳು ಪಕ್ಕದ ಮಿಷನ್ನಿನಲ್ಲಿದ್ದ ಅತ್ತೆ, ನಗು ನುಂಗಿಕೊಂಡು.

ಅವನು ವಾಚು ತೆಗೆದೊಡನೆ ಎಲ್ಲರೂ ಆಮೆಯಾಗಬೇಕೆಂದು ಹೆಂಗಸರು ಮಾತಾಡಿಕೊಂಡಿದ್ದರು. ಕಾಲರಿಗೆ ನಲವತ್ತೈದು ಸೆಕೆಂಡು. ಒಂದು ಚೂರೂ ಕಡಿಮೆ ತೋರಿಸಕೂಡದು, ತೋರಿಸಿದರೆ ನಾಳೆಯಿಂದ ಎಲ್ಲರಿಗೂ ಅದೇ ಲೆಕ್ಕ. ಬೆರಳ ಗೆಣ್ಣು ಊದಿದ ಅತ್ತೆಗೆ ಅಷ್ಟು ಮುಟ್ಟುವುದಕ್ಕೇ ದಮ್ಮು ಕಟ್ಟಬೇಕಿತ್ತು. ನಾಲ್ಕು ದಿನ ಅವನು ತಲೆ ಕೆರೆದುಕೊಂಡು ವಾಪಸು ಹೋಗಿದ್ದ.

ಈಗ ವಾಚು ಕಣ್ಣೆದುರಿಗಿರಲಿಲ್ಲ. ಸೊಸೆಯ ಬಾಯಿ ಟಿಕ್‌ಟಿಕಪ್ಪನದಾಗಿತ್ತು, ಕೈ ಮಾತ್ರ ಅವಳದೇ. ಕಾಲರುಗಳು ಇಸ್ಪೀಟೆಲೆಗಳಂತೆ ಬುಟ್ಟಿಗೆ ಬೀಳುತ್ತಿದ್ದವು. ಇದ್ದಕ್ಕಿದ್ದಂತೆ ಸಾಲಿನ ನಗು ನಿಂತಿತು. ಒಬ್ಬರದು ಮಾತ್ರ ನಿಲ್ಲಲಿಲ್ಲ. ಅದು ಕಂಬದ ಮರೆಯಿಂದ ಬರುತ್ತಿತ್ತು.

“ಭೇಷ್! ನನಗಿಂತ ನೀನೇ ಚೆನ್ನಾಗಿ ಮಾತಾಡ್ತೀಯಮ್ಮ.” ಟಿಕ್‌ಟಿಕಪ್ಪ ಜೇಬಿನಿಂದ ಓಡುತ್ತಿದ್ದ ವಾಚು ತೆಗೆದು ಗುಂಡಿ ಒತ್ತಿದ. “ನಾಲ್ಕು ಕಾಲರ್ ಅಳೆದೆ. ಒಂದಕ್ಕೆ ಮೂವತ್ತೊಂದು ಸೆಕೆಂಡು.”

“ಅಯ್ಯೋ ಸಾರ್, ಅದು ತಮಾಷೆಗೆ ಸಾರ್!”

“ತಮಾಷೆಗೇ ಮೂವತ್ತೊಂದು ಅಂದ್ರೆ, ಮನಸ್ಸಿಟ್ಟು ಮಾಡಿದ್ರೆ ಎಷ್ಟಮ್ಮ?”

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಬೋರ್ಡಿನಲ್ಲಿ ನಲವತ್ತೈದು ಅಳಿಸಿ ಮೂವತ್ತೊಂದು ಬರೆದಾಗಿತ್ತು. ಅತ್ತೆ ಎರಡು ದಿನ ನೀರು ಕುಡಿಯಲೂ ಏಳದೆ ಹೊಲಿದಳು. ನಲವತ್ನಾಲ್ಕಕ್ಕಿಂತ ಕೆಳಗೆ ಇಳಿಯಲಿಲ್ಲ. ಮೂರನೆಯ ದಿನ ಅತ್ತೆಯ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು, ಸೊಸೆಗಿಂತ ಚಿಕ್ಕವಳು.

ಆ ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಈರುಳ್ಳಿ ಹೆಚ್ಚಲು ಕೂತರು.

“ಬೈದ್‌ಬಿಡಿ ಅತ್ತೆ. ನಾಲ್ಕು ಬಾರಿಸಿ ಬೇಕಾದ್ರೆ.”

ಅತ್ತೆ ಈರುಳ್ಳಿಯ ಸಿಪ್ಪೆ ಬಿಡಿಸುತ್ತ ಹೋದಳು. ಸೊಸೆ ತಲೆ ತಗ್ಗಿಸಿದಳು. ಚಾಕು ಟಕಟಕಟಕ ಎಂದು ಹಲಗೆಯ ಮೇಲೆ ಓಡಿತು. ಒಂದು ಈರುಳ್ಳಿ ಮುಗಿಯುವ ಮೊದಲೇ ಎಡಗೈ ಇನ್ನೊಂದನ್ನು ಎಳೆದುಕೊಳ್ಳುತ್ತಿತ್ತು. ಅತ್ತೆ ತನ್ನ ಊದಿದ ಬೆರಳುಗಳನ್ನು ಅವಳ ಮಣಿಕಟ್ಟಿನ ಮೇಲಿಟ್ಟಳು.

“ನಿಧಾನ ಕಣೆ. ಇಲ್ಲಿ ಯಾರೂ ಅಳೀತಿಲ್ಲ.”