ಸ್ಟ್ಯಾಂಡ್‌ಬೈ

ಆಫೀಸಿನಲ್ಲಿ ಎರಡು ಸರ್ವರ್. ಒಂದು ದುಡಿಯುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಮೊದಲನೆಯದು ಕೆಟ್ಟರೆ ಮರುಕ್ಷಣವೇ ಎರಡನೆಯದು ಕೆಲಸ ಹಿಡಿಯುತ್ತದೆ. ಸ್ಕ್ರೀನಿನ ಮುಂದೆ ಕೂತು ಅವುಗಳನ್ನು ನೋಡಿಕೊಳ್ಳುವವರೂ ಇಬ್ಬರೇ: ಮಂದಾಕಿನಿ, ಸುಕೇಶ್. ಮ್ಯಾನೇಜರ್ ಈ ಇಬ್ಬರಿಗೂ ಅದೇ ಕಾನೂನು ಮಾಡಿದ್ದರು. ಇಬ್ಬರೂ ಒಂದೇ ದಿನ ರಜೆ ಹಾಕುವಂತಿಲ್ಲ.

ಮಂದಾಕಿನಿ ತನ್ನ ಮದುವೆಗೆ ಕೇಳಿದ ರಜೆಗೆ ಅವರು ನಗುತ್ತಲೇ ಸಹಿ ಹಾಕಿದರು. ಹಿಂದೆಯೇ ಸುಕೇಶ್ ಅರ್ಜಿ ಹಿಡಿದು ಬಂದ.

"ನಿಮಗೂ ಅವತ್ತೇ ಬೇಕಾ? ಆಗಲ್ಲ ಕಣ್ರೀ."

"ಅವರ ಮದುವೆಗೆ ಹೋಗ್ಲೇಬೇಕು ಸರ್."

"ಸಂಜೆ ಆರತಕ್ಷತೆಗೆ ಹೋಗಿ, ಊಟ ಮಾಡ್ಕೊಂಡು ಬನ್ನಿ."

"ಬೆಳಿಗ್ಗೆ ಮುಹೂರ್ತಕ್ಕೇ ಇರ್ಬೇಕು ಸರ್."

"ನೀವಿಲ್ದಿದ್ರೆ ಮುಹೂರ್ತ ನಿಂತ್ಹೋಗುತ್ತಾ?"

"ಹೌದು ಸರ್. ತಾಳಿ ಕಟ್ಟೋಕೆ ಸ್ಟ್ಯಾಂಡ್‌ಬೈ ಇಟ್ಟಿಲ್ಲ."